ಮಾತಾಡಿಸುವ ಮರ್ಯಾದೆ, ಮಾತಾಡಿಸದ ಮರ್ಯಾದೆ

2016ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಸುರಂಗ ರೈಲಿನಲ್ಲಿ ಓಡಾಡುವವರಿಗೆ ಒಂದು ಪುಟ್ಟ ಬ್ಯಾಡ್ಜನ್ನು ಹಂಚಲಾಯಿತು. ಅದರ ಮೇಲೆ ‘ಟ್ಯೂಬ್ ಚಾಟ್?’ ಎಂದು ಮುದ್ರಿಸಿತ್ತು. ಪಕ್ಕದಲ್ಲಿ ಕುಳಿತವರೊಡನೆ ನಾಲ್ಕು ಮಾತಾಡಲು ತನಗೆ ಅಭ್ಯಂತರವಿಲ್ಲ ಎಂದು ತಿಳಿಸಬಯಸುವವರು ಅದನ್ನು ಕೋಟಿಗೆ ಸಿಕ್ಕಿಸಿಕೊಳ್ಳಬೇಕೆಂಬುದು ಹಂಚಿದವರ ಆಲೋಚನೆ. ಹಂಚಿದವರು ಲಂಡನ್ನಿನಲ್ಲಿ ನೆಲೆಸಿದ್ದ ಒಬ್ಬ ಅಮೆರಿಕನ್. ನಗರದ ಜನರಲ್ಲಿ ಹಲವರಿಗೆ ಇದರಿಂದ ಆದದ್ದು ಸಂತೋಷವಲ್ಲ, ದಿಗಿಲು. ಜಾಲತಾಣಗಳಲ್ಲಿ ಗೇಲಿಯ ಸುರಿಮಳೆಯಾಯಿತು; ಮಾತಾಡಿಸುವ ಯೋಚನೆಯನ್ನೂ ಮಾಡಬೇಡಿ ಎಂಬರ್ಥದ ಎದುರು ಬ್ಯಾಡ್ಜುಗಳು ಕೆಲವೇ ದಿನಗಳಲ್ಲಿ ಕಾಣಿಸಿಕೊಂಡವು; ಪತ್ರಿಕೆಗಳು ಇಡೀ ಪ್ರಸಂಗವನ್ನು ರಾಷ್ಟ್ರೀಯ ಸ್ವಭಾವದ ಪ್ರಶ್ನೆಯೆಂಬಂತೆ ಚರ್ಚಿಸಿದವು.

ಇಂಥ ಪ್ರಸಂಗಗಳನ್ನು ಕೇಳಿದೊಡನೆ ಅಮೆರಿಕನ್ನರು ಸ್ನೇಹಜೀವಿಗಳು, ಬ್ರಿಟಿಷರು ಬಿಗುಮಾನದವರು ಎಂದು ಷರಾ ಬರೆದುಬಿಡುವುದು ಸುಲಭ. ಆದರೆ ಸ್ನೇಹಪರತೆ ಎಂಬ ಒಂದೇ ಪದದಡಿ ನಾವು ಬೇರೆ ಬೇರೆ ಸಂಗತಿಗಳನ್ನು ತುರುಕುತ್ತೇವೆ. ಗುರುತಿಲ್ಲದವರನ್ನು ಸಲೀಸಾಗಿ ಮಾತಾಡಿಸುವುದು ಒಂದು, ಅವರು ಕಷ್ಟದಲ್ಲಿದ್ದಾಗ ನೆರವಾಗುವುದು ಇನ್ನೊಂದು, ಅವರನ್ನು ಮುಂದೆ ಸ್ನೇಹಿತರನ್ನಾಗಿ ಮಾಡಿಕೊಳ್ಳುವುದು ಮತ್ತೊಂದು. ಅಮೆರಿಕಕ್ಕೂ ಬ್ರಿಟನ್ನಿಗೂ ಢಾಳಾಗಿ ಕಾಣುವ ವ್ಯತ್ಯಾಸವಿರುವುದು ಮೊದಲನೆಯದರಲ್ಲಿ. ಉಳಿದೆರಡರಲ್ಲಿ ವ್ಯತ್ಯಾಸ ತೀರ ಕಡಿಮೆ, ಕೆಲವೊಮ್ಮೆ ಊಹೆಗೆ ತದ್ವಿರುದ್ಧ. ಮೊದಲನೆಯದು ಕೂಡ ಮನಸ್ಸು ಎಷ್ಟು ಬೆಚ್ಚಗಿದೆ ಎಂಬುದರಿಂದ ಹುಟ್ಟಿದ್ದಲ್ಲ ಎಂಬುದು ನನ್ನ ಅಭಿಪ್ರಾಯ. ಒಬ್ಬ ಅಪರಿಚಿತನೊಡನೆ ಮಾತು ತೆಗೆದರೆ ಅದರ ಹಂಗು ಎಲ್ಲಿಯವರೆಗೆ ಹಿಂಬಾಲಿಸಿ ಬರುತ್ತದೆ ಎಂಬ ಲೆಕ್ಕಾಚಾರ ಎರಡು ದೇಶಗಳಲ್ಲಿ ಬೇರೆಯಾಗಿರುವುದೇ ಅದರ ಮೂಲ.

ಈ ಲೆಕ್ಕಾಚಾರವನ್ನು ಮೊದಲು ಸ್ಪಷ್ಟವಾಗಿ ಗುರುತಿಸಿದವನು ಈ ಎರಡೂ ದೇಶಗಳಿಗೆ ಸೇರದವನು. ಫ್ರಾನ್ಸಿನ ಅಲೆಕ್ಸಿ ದ ಟೋಕ್‌ವಿಲ್ 1831ರಲ್ಲಿ ಅಮೆರಿಕಕ್ಕೆ ಹೋಗಿ ತಿಂಗಳುಗಟ್ಟಲೆ ಸುತ್ತಾಡಿದ. ಅಲ್ಲಿನ ಪ್ರಜಾಪ್ರಭುತ್ವದ ಬಗ್ಗೆ ಅವನು ಬರೆದ ಪ್ರಸಿದ್ಧ ಕೃತಿಯ ಎರಡನೆಯ ಸಂಪುಟ 1840ರಲ್ಲಿ ಪ್ರಕಟವಾಯಿತು. ಅದರಲ್ಲಿ ಈ ವಿಷಯಕ್ಕೇ ಮೀಸಲಾದ ಒಂದು ಪುಟ್ಟ ಅಧ್ಯಾಯವಿದೆ. ಭೂಮಿಯ ಯಾವುದೋ ಮೂಲೆಯಲ್ಲಿ, ಭಾಷೆ ಬಾರದ ಪರದೇಶದವರ ನಡುವೆ, ಇಬ್ಬರು ಇಂಗ್ಲಿಷರು ಆಕಸ್ಮಿಕವಾಗಿ ಎದುರಾದರೆ ಏನಾಗುತ್ತದೆ ಎಂದು ಅವನು ಕೇಳುತ್ತಾನೆ. ಅವರು ಮೊದಲು ಒಬ್ಬರನ್ನೊಬ್ಬರು ಕುತೂಹಲದಿಂದಲೂ ಒಳಗೊಳಗಿನ ಅಳುಕಿನಿಂದಲೂ ನೋಡುತ್ತಾರೆ, ಆಮೇಲೆ ಮುಖ ತಿರುಗಿಸುತ್ತಾರೆ. ಮಾತಾಡಲೇಬೇಕಾಗಿ ಬಂದರೂ ಮುಖ ಬಿಗಿದುಕೊಂಡು ಯಾವುದೋ ಮುಖ್ಯವಲ್ಲದ ವಿಷಯ ಮಾತಾಡುತ್ತಾರೆ. ಅವರ ನಡುವೆ ಹಗೆಯೇನೂ ಇಲ್ಲ, ಇಬ್ಬರೂ ಸಂಭಾವಿತರೇ.

ಟೋಕ್‌ವಿಲ್ ಇದಕ್ಕೆ ಕೊಡುವ ಕಾರಣ ನಾವು ಊಹಿಸಬಹುದಾದದ್ದಕ್ಕಿಂತ ಸೂಕ್ಷ್ಮವಾದದ್ದು. ಹುಟ್ಟಿನಿಂದಲೇ ಅಂತಸ್ತು ತೀರ್ಮಾನವಾಗುವ ಸಮಾಜದಲ್ಲಿ ಮೇಲಿನವನು ಕೆಳಗಿನವನೊಡನೆ ನಿಸ್ಸಂಕೋಚವಾಗಿ ಮಾತಾಡಬಲ್ಲ; ಯಾರೂ ಯಾರ ಜಾಗವನ್ನೂ ಕಸಿದುಕೊಳ್ಳಲಾರರೆಂಬುದು ಇಬ್ಬರಿಗೂ ಗೊತ್ತು. ಅಂತಸ್ತೇ ಇಲ್ಲದ ಸಮಾಜದಲ್ಲೂ ಮಾತು ಸಲೀಸು. ಇಂಗ್ಲೆಂಡಿನ ಕಷ್ಟವೆಂದರೆ ಅದು ಆಗ ಈ ಎರಡರ ನಡುವೆ ನಿಂತಿತ್ತು. ಅಂತಸ್ತುಗಳು ಉಳಿದಿದ್ದವು, ಆದರೆ ಅವುಗಳ ಗಡಿ ಹುಟ್ಟಿನ ಕೈಬಿಟ್ಟು ಹಣದ ಕೈಗೆ ಹೋಗಿ ಮಸುಕಾಗಿತ್ತು. ಎದುರಿಗಿರುವವನು ತನಗಿಂತ ಮೇಲೋ ಕೆಳಗೋ ಎಂಬುದು ನೋಡಿದೊಡನೆ ತಿಳಿಯುವಂತಿರಲಿಲ್ಲ. ಹೀಗಾಗಿ ಸಣ್ಣದೊಂದು ಉಪಕಾರ ಪಡೆದರೂ ತನಗೆ ತಕ್ಕುದಲ್ಲದ ಗೆಳೆತನವೊಂದು ಕೊರಳಿಗೆ ಬಿದ್ದೀತೆಂದು ಪ್ರತಿಯೊಬ್ಬನೂ ಅಂಜುತ್ತಿದ್ದ. ಅಪರಿಚಿತನ ಕೋಪಕ್ಕೆ ಹೆದರುವಷ್ಟೇ ಅವನ ಕೃತಜ್ಞತೆಗೂ ಹೆದರುತ್ತಿದ್ದ. ಅಮೆರಿಕದ ಬಿಳಿಯರ ನಡುವೆ ಈ ಭಯಕ್ಕೆ ಆಸ್ಪದವಿರಲಿಲ್ಲ. ಮಾತಾಡಿದರೆ ನಷ್ಟವೂ ಇಲ್ಲ, ವಿಶೇಷ ಲಾಭವೂ ಇಲ್ಲ. ಹಾಗಿದ್ದ ಮೇಲೆ ಸುಮ್ಮನಿರುವುದೇಕೆ?

ಎರಡು ವರ್ಷದ ಬಳಿಕ, 1842ರಲ್ಲಿ, ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಅಮೆರಿಕದಲ್ಲಿ ಪ್ರವಾಸ ಮಾಡಿದಾಗ ಈ ನಿರ್ಭಯದ ಮಾತನ್ನು ತೀರ ಹತ್ತಿರದಿಂದ ಅನುಭವಿಸಿದ. ಪೆನ್ಸಿಲ್ವೇನಿಯಾದ ಕಾಲುವೆ ದೋಣಿಯೊಂದರಲ್ಲಿ ಸಹಪ್ರಯಾಣಿಕನೊಬ್ಬ ಅವನ ತುಪ್ಪುಳಿನ ಕೋಟನ್ನು ನೋಡಿ ಅದನ್ನು ಎಲ್ಲಿ ಕೊಂಡದ್ದು, ಯಾವಾಗ ಕೊಂಡದ್ದು, ಯಾವ ಪ್ರಾಣಿಯ ತುಪ್ಪುಳು, ಎಷ್ಟು ತೂಕ, ಎಷ್ಟು ಬೆಲೆ ಎಂದು ಒಂದೊಂದಾಗಿ ವಿಚಾರಿಸಿದ. ಕೋಟಿನ ವಿಚಾರಣೆ ಮುಗಿದ ಮೇಲೆ ಗಡಿಯಾರದ ಸರದಿ ಬಂತು: ಅದನ್ನು ಕೊಂಡದ್ದೋ ಯಾರಾದರೂ ಕೊಟ್ಟದ್ದೋ, ಕೀ ಕೊಡುವುದು ರಾತ್ರಿಯೋ ಬೆಳಗ್ಗೆಯೋ, ಕೀ ಕೊಡಲು ಮರೆತದ್ದೂ ಉಂಟೋ? ಡಿಕನ್ಸ್ ಇದನ್ನು ಹಾಸ್ಯವಾಗಿ ಬರೆದಿದ್ದಾನಾದರೂ ಆ ಹಾಸ್ಯದಡಿಯ ಕಿರಿಕಿರಿ ಅಡಗುವುದಿಲ್ಲ. ರಾತ್ರಿ ಬಸ್ಸಿನಲ್ಲಿ ಪಕ್ಕದ ಸೀಟಿನವರಿಂದ ಊರು, ಕೆಲಸ, ಸಂಬಳ, ಮದುವೆ ಇತ್ಯಾದಿಗಳ ಪೂರ್ತಿ ತನಿಖೆಗೆ ಒಳಗಾದ ನಮ್ಮ ಓದುಗರಿಗೆ ಡಿಕನ್ಸನ ಸಂಕಟವೂ ಅರ್ಥವಾದೀತು, ಆ ಪ್ರಯಾಣಿಕನ ಮುಗ್ಧತೆಯೂ ಅರ್ಥವಾದೀತು.

ರೈಲು ಬಂಡಿಗಳ ರಚನೆಯಲ್ಲೂ ಇದೇ ಮನೋಭಾವ ಮರ ಕಬ್ಬಿಣಗಳ ರೂಪ ತಾಳಿತ್ತು. ಇಂಗ್ಲೆಂಡಿನ ಗಾಡಿಗಳು ಮೊದಲಿನಿಂದಲೂ ದರ್ಜೆಗಳಾಗಿ ವಿಭಾಗವಾಗಿದ್ದವು. ಒಂದೊಂದು ಬಂಡಿಯಲ್ಲೂ ಬೇರೆ ಬೇರೆ ಬಾಗಿಲುಗಳಿದ್ದ ಪುಟ್ಟ ಕೋಣೆಗಳು, ಅವುಗಳ ನಡುವೆ ಓಡಾಡಲು ಹಾದಿಯಿಲ್ಲ, ಎದುರುಬದುರು ಕುಳಿತ ಕೆಲವೇ ಜನ. ಅಷ್ಟು ಇಕ್ಕಟ್ಟಿನಲ್ಲಿ ಗಂಟೆಗಟ್ಟಲೆ ಕೂರಬೇಕಾದಾಗ ಪತ್ರಿಕೆಯನ್ನು ಅಗಲವಾಗಿ ಬಿಡಿಸಿ ಹಿಡಿಯುವುದೇ ಗೋಡೆ ಕಟ್ಟಿಕೊಳ್ಳುವ ಉಪಾಯವಾಗಿತ್ತು. ಅಮೆರಿಕದಲ್ಲಿ ಡಿಕನ್ಸ್ ಕಂಡದ್ದು ನಡುವೆ ಹಾದಿಯಿದ್ದು ಇಬ್ಬದಿಯೂ ಸೀಟುಗಳಿರುವ ಉದ್ದನೆಯ ತೆರೆದ ಬಂಡಿ. ಮೊದಲ ದರ್ಜೆ, ಎರಡನೆಯ ದರ್ಜೆ ಎಂಬ ಭೇದವಿಲ್ಲ, ಮನಸ್ಸಿಗೆ ಬಂದವರನ್ನು ಯಾರಾದರೂ ಮಾತಾಡಿಸುತ್ತಾರೆ ಎಂದು ಅವನು ಗುರುತಿಸಿದ. ಅದೇ ಪುಟದಲ್ಲಿ ಕರಿಯರಿಗೆಂದು ಬೇರೆಯೇ ಬಂಡಿಯೊಂದಿತ್ತೆಂಬುದನ್ನೂ ಅವನು ದಾಖಲಿಸಿದ್ದಾನೆ. ಅದು ದಕ್ಷಿಣದ ಗುಲಾಮಗಿರಿಯ ರಾಜ್ಯವಲ್ಲ, ಮ್ಯಾಸಚುಸೆಟ್ಸ್. ಅಮೆರಿಕನ್ ಸಲಿಗೆಯ ಯಾವ ವಿವರಣೆಯಾದರೂ ಈ ಸಂಗತಿಯನ್ನು ಬಿಟ್ಟು ಮುಂದೆ ಹೋಗಬಾರದು; ಅದಕ್ಕೆ ಮತ್ತೆ ಬರುತ್ತೇನೆ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಭಾಷಾವಿಜ್ಞಾನಿಗಳು ಇದೇ ಸಂಗತಿಗೆ ಹೆಚ್ಚು ಖಚಿತವಾದ ಚೌಕಟ್ಟನ್ನು ಕೊಟ್ಟರು. ಪೆನೆಲೊಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್ಸನ್ 1978ರಲ್ಲಿ ಮಂಡಿಸಿ 1987ರಲ್ಲಿ ಪುಸ್ತಕರೂಪದಲ್ಲಿ ತಂದ ಸಿದ್ಧಾಂತದ ಪ್ರಕಾರ ಪ್ರತಿಯೊಬ್ಬ ಮನುಷ್ಯನಿಗೂ ಎರಡು ಬಯಕೆಗಳಿರುತ್ತವೆ. ಇತರರು ತನ್ನನ್ನು ಗಮನಿಸಬೇಕು, ಮೆಚ್ಚಬೇಕು, ತಮ್ಮವನೆಂದು ಎಣಿಸಬೇಕು ಎಂಬುದೊಂದು. ತನ್ನ ಪಾಡಿಗೆ ತನ್ನನ್ನು ಬಿಡಬೇಕು, ತನ್ನ ಸಮಯ ಮತ್ತು ಏಕಾಂತದೊಳಕ್ಕೆ ನುಗ್ಗಬಾರದು ಎಂಬುದು ಇನ್ನೊಂದು. ಮೊದಲ ಬಯಕೆಯನ್ನು ಪೂರೈಸುವ ಸೌಜನ್ಯ ಹತ್ತಿರ ಬರುತ್ತದೆ, ಎರಡನೆಯದನ್ನು ಕಾಯುವ ಸೌಜನ್ಯ ದೂರ ನಿಲ್ಲುತ್ತದೆ. ಎರಡೂ ಸೌಜನ್ಯವೇ, ಎರಡೂ ಎಲ್ಲ ಸಮಾಜಗಳಲ್ಲೂ ಇವೆ. ಯಾರ ಜೊತೆ, ಎಂಥ ಸನ್ನಿವೇಶದಲ್ಲಿ ಯಾವುದಕ್ಕೆ ಮೊದಲ ಮಣೆ ಎಂಬುದಷ್ಟೇ ಬೇರೆ. ಈ ಸಿದ್ಧಾಂತಕ್ಕೆ ಆಧಾರವಾದ ಭಾಷೆಗಳಲ್ಲಿ ಕೊಯಮತ್ತೂರು ಜಿಲ್ಲೆಯ ಒಂದು ಹಳ್ಳಿಯ ತಮಿಳೂ ಒಂದು ಎಂಬುದನ್ನು ನಮ್ಮ ಓದುಗರಿಗಾಗಿ ಇಲ್ಲಿ ಹೇಳಬಹುದು. ಲೇಖಕರು ಅಮೆರಿಕದ ಪಶ್ಚಿಮ ಭಾಗವನ್ನು ಹತ್ತಿರ ಬರುವ ಸೌಜನ್ಯದ ಉದಾಹರಣೆಯಾಗಿ ಹೆಸರಿಸಿದರು. ದೂರ ನಿಲ್ಲುವವರ ಪಟ್ಟಿಯಲ್ಲಿ ಬ್ರಿಟಿಷರನ್ನು ಸೇರಿಸುವಾಗ ಮಾತ್ರ ‘ಅಮೆರಿಕನ್ನರ ಕಣ್ಣಿನಲ್ಲಿ’ ಎಂಬ ಒಕ್ಕಣೆಯನ್ನೂ, ಜಪಾನೀಯರನ್ನು ಸೇರಿಸುವಾಗ ‘ಬ್ರಿಟಿಷರ ಕಣ್ಣಿನಲ್ಲಿ’ ಎಂಬ ಒಕ್ಕಣೆಯನ್ನೂ ಜೋಡಿಸಿದರು. ಆ ಒಕ್ಕಣೆಯಲ್ಲಿ ತುಂಟತನವಿದೆ, ಆದರೆ ಅದು ಸತ್ಯವೂ ಹೌದು.

ಈ ಚೌಕಟ್ಟನ್ನು ಒಂದು ಸಣ್ಣ ಸನ್ನಿವೇಶಕ್ಕೆ ಅನ್ವಯಿಸಿ ನೋಡಿ. ಅಮೆರಿಕದ ಮಧ್ಯಭಾಗದ ಒಂದು ಊರಿನ ಸೂಪರ್‌ಮಾರ್ಕೆಟ್ಟಿನಲ್ಲಿ ಬಿಲ್ಲಿಗೆಂದು ಸಾಲಿನಲ್ಲಿ ನಿಂತಿದ್ದೀರಿ. ಮುಂದಿರುವ ಹೆಂಗಸು ತಿರುಗಿ ನೋಡಿ, ನಿಮ್ಮ ಬುಟ್ಟಿಯಲ್ಲಿರುವ ಬೆಂಡೆಕಾಯಿಯನ್ನು ಹೇಗೆ ಬೇಯಿಸುತ್ತೀರೆಂದು ಕೇಳುತ್ತಾಳೆ, ತನ್ನ ಅಜ್ಜಿ ಅದನ್ನು ಹಿಟ್ಟಿನಲ್ಲಿ ಹೊರಳಿಸಿ ಕರಿಯುತ್ತಿದ್ದಳೆನ್ನುತ್ತಾಳೆ, ನಿಮ್ಮ ಅಂಗಿಯ ಬಣ್ಣ ಚೆನ್ನಾಗಿದೆಯೆನ್ನುತ್ತಾಳೆ, ಬಿಲ್ಲು ಮುಗಿಸಿ ಒಳ್ಳೆಯ ದಿನವನ್ನು ಹಾರೈಸಿ ಹೊರಟುಹೋಗುತ್ತಾಳೆ. ಅವಳ ಹೆಸರು ನಿಮಗೆ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ. ಇಂಗ್ಲೆಂಡಿನ ದಕ್ಷಿಣದ ಒಂದು ಊರಿನಲ್ಲಿ ಅದೇ ಸಾಲಿನಲ್ಲಿ ನಿಂತಾಗ ಮುಂದಿರುವ ಹೆಂಗಸು ನಿಮ್ಮ ಬುಟ್ಟಿಯ ಕಡೆ ನೋಡುವುದಿಲ್ಲ, ನೋಡಿದರೂ ನೋಡದಂತಿರುತ್ತಾಳೆ. ತನ್ನ ಸಾಮಾನಿಗೂ ನಿಮ್ಮದಕ್ಕೂ ನಡುವೆ ಅಡ್ಡಪಟ್ಟಿಯನ್ನು ಜೋಪಾನವಾಗಿ ಇಡುತ್ತಾಳೆ, ನೀವು ಧನ್ಯವಾದ ಹೇಳಿದರೆ ಮುಗುಳ್ನಗುತ್ತಾಳೆ, ನಿಮ್ಮ ತೋಳು ಅವಳಿಗೆ ತಗುಲಿದರೆ ತಪ್ಪು ನಿಮ್ಮದಾದರೂ ಕ್ಷಮೆ ಕೇಳುವವಳು ಅವಳೇ. ಈ ಎರಡನೆಯ ಹೆಂಗಸಿಗೆ ನಿಮ್ಮ ಇರವಿನ ಅರಿವು ಮೊದಲನೆಯವಳಿಗಿಂತ ಕಡಿಮೆಯಿಲ್ಲ. ಅವಳ ನಡವಳಿಕೆಯ ಪ್ರತಿಯೊಂದು ಅಂಶವೂ ನಿಮ್ಮನ್ನೇ ಗಮನದಲ್ಲಿಟ್ಟುಕೊಂಡದ್ದು. ನಿಮಗೆ ತೊಂದರೆಯಾಗದಂತೆ ನೋಡಿಕೊಳ್ಳುವುದೇ ಅವಳು ನಿಮಗೆ ತೋರುವ ಮರ್ಯಾದೆ.

ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ 1966ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ವ್ಯತ್ಯಾಸವನ್ನು ಮನೆಯ ಗೋಡೆಗಳವರೆಗೆ ಹಿಂಬಾಲಿಸಿಕೊಂಡು ಹೋದ. ಮಧ್ಯಮವರ್ಗದ ಅಮೆರಿಕನ್ ಮಗುವಿಗೆ ತನ್ನದೇ ಕೋಣೆ ಬೇಕೆಂಬ ಭಾವನೆ ಚಿಕ್ಕಂದಿನಿಂದಲೇ ಬೆಳೆಯುತ್ತದೆ. ದೊಡ್ಡವನಾದ ಮೇಲೆ ಒಂಟಿಯಾಗಿರಬೇಕೆನಿಸಿದರೆ ಅವನು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ. ಅನುಕೂಲಸ್ಥರ ಮನೆಯ ಇಂಗ್ಲಿಷ್ ಮಗು ಅಣ್ಣತಮ್ಮಂದಿರೊಡನೆ ಒಂದೇ ಕೋಣೆಯಲ್ಲಿ ಬೆಳೆದು, ವಸತಿಶಾಲೆಯ ದೊಡ್ಡ ಹಾಲಿನಲ್ಲಿ ಮಲಗಿ, ಬಾಗಿಲಿಲ್ಲದೆ ಏಕಾಂತವನ್ನು ಪಡೆಯುವ ಕಲೆ ಕಲಿಯುತ್ತದೆ. ಆ ಕಲೆಯೇ ಮೌನ. ಜನರ ನಡುವೆಯೇ ಕುಳಿತು ಮಾತು ನಿಲ್ಲಿಸಿದರೆ ಬಾಗಿಲು ಹಾಕಿದಂತೆ; ಸುತ್ತಲಿನವರು ಅದನ್ನು ಗುರುತಿಸಿ ಗೌರವಿಸುತ್ತಾರೆ. ಆದರೆ ಅಮೆರಿಕನ್ನನ ಲೆಕ್ಕದಲ್ಲಿ ಒಂದೇ ಕೋಣೆಯಲ್ಲಿದ್ದುಕೊಂಡು ಮಾತು ನಿಲ್ಲಿಸುವುದೆಂದರೆ ಸಿಟ್ಟು ಅಥವಾ ತಿರಸ್ಕಾರ. ಆದ್ದರಿಂದ ಇಂಗ್ಲಿಷ್ ಗೆಳೆಯ ಮೌನವಾದಷ್ಟೂ ಅಮೆರಿಕನ್ ಗೆಳೆಯ ಏನಾಯಿತೆಂದು ಮೇಲೆ ಬಿದ್ದು ವಿಚಾರಿಸುತ್ತಾನೆ, ಅವನು ವಿಚಾರಿಸಿದಷ್ಟೂ ಇವನು ಇನ್ನಷ್ಟು ಮುದುಡಿಕೊಳ್ಳುತ್ತಾನೆ. ನೆರೆಹೊರೆಯ ಬಗ್ಗೆಯೂ ಹಾಲ್ ಇಂಥದೇ ಮಾತು ಹೇಳುತ್ತಾನೆ: ಪಕ್ಕದ ಮನೆಯಲ್ಲಿರುವುದೇ ಪರಿಚಯಕ್ಕೂ ಸಣ್ಣಪುಟ್ಟ ಕೊಡುಕೊಳೆಗೂ ಸಾಕಾದ ಹಕ್ಕು ಎಂದು ಅಮೆರಿಕನ್ನರು ತಿಳಿಯುತ್ತಾರೆ, ಇಂಗ್ಲೆಂಡಿನಲ್ಲಿ ಬರಿಯ ಗೋಡೆ ಹಂಚಿಕೊಂಡ ಮಾತ್ರಕ್ಕೆ ಯಾವ ಹಕ್ಕೂ ಹುಟ್ಟುವುದಿಲ್ಲ.

ಹಾಗಾದರೆ ಬ್ರಿಟಿಷರು ಅಪರಿಚಿತರೊಡನೆ ಮಾತಾಡುವುದೇ ಇಲ್ಲವೆ? ಧಾರಾಳವಾಗಿ ಮಾತಾಡುತ್ತಾರೆ, ಆದರೆ ಒಂದು ನೆಪ ಬೇಕು. ಇಬ್ಬರು ಇಂಗ್ಲಿಷರು ಭೇಟಿಯಾದರೆ ಅವರ ಮೊದಲ ಮಾತು ಹವಾಮಾನದ ಬಗ್ಗೆ ಎಂದು ಇಂಗ್ಲಿಷ್ ಲೇಖಕ ಸ್ಯಾಮ್ಯುಯಲ್ ಜಾನ್ಸನ್ 1758ರಷ್ಟು ಹಿಂದೆಯೇ ಬರೆದ. ಮಳೆಯ ಮಾತಿನ ಗುಣವೆಂದರೆ ಅದು ಯಾರ ಸ್ವಂತ ವಿಷಯಕ್ಕೂ ತಗುಲುವುದಿಲ್ಲ. ಉತ್ತರಿಸಿದವರು ಅಲ್ಲಿಗೇ ನಿಲ್ಲಿಸಬಹುದು, ಬೇಕಾದರೆ ಮುಂದುವರಿಸಬಹುದು, ನಿಲ್ಲಿಸಿದರೆ ಯಾರಿಗೂ ಅವಮಾನವಿಲ್ಲ. ಅದಕ್ಕೇ ‘ಛಳಿ ಹೆಚ್ಚಾಯಿತಲ್ಲವೆ?’ ಎಂದವರಿಗೆ ಹವಾಮಾನ ಇಲಾಖೆಯ ಅಂಕಿಅಂಶ ಹೇಳಿ ಅಲ್ಲಗಳೆಯುವುದು ಅಲ್ಲಿ ಒರಟುತನವೆನಿಸುತ್ತದೆ. ಪಬ್ಬಿನಲ್ಲಿ ಕೌಂಟರಿನ ಬಳಿ ನಿಂತವರನ್ನು ಮಾತಾಡಿಸಬಹುದು. ಅಲ್ಲಿಂದ ದೂರದ ಮೂಲೆಯ ಮೇಜಿನಲ್ಲಿ ಕುಳಿತವರನ್ನು ಹಾಗೆ ಮಾತಾಡಿಸುವಂತಿಲ್ಲ. ಲಂಡನ್ನಿನ ರಸ್ತೆಯಲ್ಲಿ ಒಬ್ಬರ ಮುಖವನ್ನೊಬ್ಬರು ನೋಡದ ಜನ ಲೇಕ್ ಡಿಸ್ಟ್ರಿಕ್ಟಿನ ಗುಡ್ಡದ ಹಾದಿಯಲ್ಲಿ ಎದುರಾದ ಪ್ರತಿಯೊಬ್ಬರಿಗೂ ಶುಭೋದಯ ಹೇಳುತ್ತಾರೆ, ಮುಂದೆ ಹಾದಿ ಕೆಸರಾಗಿದೆಯೆಂದು ಎಚ್ಚರಿಸುತ್ತಾರೆ. ನಾಯಿಯೊಂದಿಗೆ ಉದ್ಯಾನಕ್ಕೆ ಹೋದರಂತೂ ನಾಯಿಯ ಹೆಸರು, ತಳಿ, ವಯಸ್ಸು, ಚೇಷ್ಟೆಗಳೆಲ್ಲ ಚರ್ಚೆಯಾಗುತ್ತವೆ. ಒಡೆಯನ ಹೆಸರನ್ನು ವರ್ಷವಾದರೂ ಯಾರೂ ಕೇಳದಿರಬಹುದು. ರೈಲು ಗಂಟೆಗಟ್ಟಲೆ ಹಳಿಯ ಮೇಲೆ ನಿಂತುಬಿಟ್ಟರೆ, ನಾಲ್ಕು ಇಂಚು ಹಿಮ ಬಿದ್ದು ಊರೇ ಸ್ತಬ್ಧವಾದರೆ, ತುಟಿ ಬಿಗಿದುಕೊಂಡಿದ್ದವರೆಲ್ಲ ಒಟ್ಟಾಗಿ ಗೊಣಗಲು ತೊಡಗುತ್ತಾರೆ, ಬಿಸ್ಕತ್ತು ಹಂಚಿಕೊಳ್ಳುತ್ತಾರೆ. ಗೊಣಗಾಟಕ್ಕಿಂತ ಸುರಕ್ಷಿತವಾದ ಸಮಾನ ಆಸಕ್ತಿ ಇನ್ನೊಂದಿಲ್ಲ.

ಬಾಯಿ ಬಿಡಲು ಹಿಂಜರಿಕೆಗೆ ಇಂಗ್ಲೆಂಡಿನಲ್ಲಿ ಇನ್ನೊಂದು ಕಾರಣವೂ ಇತ್ತು, ಇಂದಿಗೂ ಪೂರ್ತಿ ಹೋಗಿಲ್ಲ. ಅಲ್ಲಿ ಒಬ್ಬರ ಉಚ್ಚಾರಣೆಯಿಂದ ಅವರ ಊರಷ್ಟೇ ಅಲ್ಲ, ವರ್ಗ, ಶಾಲೆ, ತಂದೆಯ ವೃತ್ತಿ ಎಲ್ಲವನ್ನೂ ಕೇಳುಗ ಲೆಕ್ಕ ಹಾಕುತ್ತಾನೆ. ಒಬ್ಬ ಇಂಗ್ಲಿಷ್‌ಮನ್ ಬಾಯಿ ತೆರೆದರೆ ಸಾಕು, ಇನ್ನೊಬ್ಬ ಇಂಗ್ಲಿಷ್‌ಮನ್‌ಗೆ ಅವನ ಮೇಲೆ ದ್ವೇಷವೋ ತಿರಸ್ಕಾರವೋ ಹುಟ್ಟುತ್ತದೆಂದು ಬರ್ನಾರ್ಡ್ ಶಾ ತನ್ನ ‘ಪಿಗ್ಮೇಲಿಯನ್’ ನಾಟಕದ ಮುನ್ನುಡಿಯಲ್ಲಿ ಹೇಳಿದ್ದು ಐರಿಷ್ ಕಿಡಿಗೇಡಿತನವೆಂದು ತಳ್ಳಿಹಾಕುವಂಥದಲ್ಲ. ಟೋಕ್‌ವಿಲ್ ಹೇಳಿದ ಮಸುಕು ಗಡಿಗಳ ಭಯ ಕಿವಿಯ ಮೂಲಕ ಕೆಲಸ ಮಾಡುವುದು ಹೀಗೆ.

ಅಮೆರಿಕನ್ ಸಲಿಗೆಯ ಇನ್ನೊಂದು ಮುಖ ನಮ್ಮವರಿಗೆ ಕಾಣಿಸುವುದು ಸ್ವಲ್ಪ ತಡವಾಗಿ. ಓದಿಗೋ ಕೆಲಸಕ್ಕೋ ಕರ್ನಾಟಕದಿಂದ ಅಲ್ಲಿಗೆ ಹೋದವರು ಮೊದಲ ತಿಂಗಳಲ್ಲಿ ಜನರ ನಗುಮುಖವನ್ನು ಬಾಯ್ತುಂಬ ಹೊಗಳುತ್ತಾರೆ, ಆರು ತಿಂಗಳಾಗುವ ಹೊತ್ತಿಗೆ ಎಲ್ಲ ಬರಿಯ ತೋರಿಕೆಯೆಂದು ದೂರುತ್ತಾರೆ. ಎಂದಾದರೂ ಒಟ್ಟಿಗೆ ಊಟಕ್ಕೆ ಸೇರೋಣ ಎಂದವರು ದಿನ ಗೊತ್ತುಮಾಡುವುದೇ ಇಲ್ಲ. ನಿಜಕ್ಕೂ ಇದು ನಮಗೆ ಹೊಸದಾಗಬೇಕಿಲ್ಲ. ದಾರಿಯಲ್ಲಿ ಸಿಕ್ಕವರಿಗೆ ‘ಬನ್ನಿ ಒಮ್ಮೆ ಮನೆ ಕಡೆ’ ಎನ್ನುವ ನಾವು ಅವರು ಮಾರನೆಯ ದಿನವೇ ಚೀಲ ಹಿಡಿದು ಬರುತ್ತಾರೆಂದು ಎಣಿಸುವುದಿಲ್ಲ. ಜರ್ಮನಿಯಿಂದ ಅಮೆರಿಕಕ್ಕೆ ವಲಸೆ ಬಂದ ಮನೋವಿಜ್ಞಾನಿ ಕರ್ಟ್ ಲೆವಿನ್ 1936ರಲ್ಲಿ ಇದನ್ನು ಪದರಗಳ ಚಿತ್ರದಲ್ಲಿ ವಿವರಿಸಿದ. ಅಮೆರಿಕನ್ ವ್ಯಕ್ತಿತ್ವದ ಹೊರಗಿನ ಹಲವು ಪದರಗಳು ಎಲ್ಲರಿಗೂ ತೆರೆದಿರುತ್ತವೆ, ಒಳಗಿನ ತಿರುಳು ಮಾತ್ರ ಮುಚ್ಚಿರುತ್ತದೆ. ಜರ್ಮನ್ನರಲ್ಲಿ ಹೊರಪದರದಲ್ಲೇ ತಡೆ, ಅದನ್ನು ದಾಟಿದವರಿಗೆ ಒಳಗೆ ಹೆಚ್ಚು ದೂರದವರೆಗೆ ಪ್ರವೇಶ. ಲೆವಿನ್ ಹೋಲಿಸಿದ್ದು ಜರ್ಮನಿಯನ್ನಾದರೂ ಬ್ರಿಟನ್ನನ್ನು ಆ ಬದಿಯಲ್ಲಿ ಇಟ್ಟು ನೋಡಿದರೆ ಚಿತ್ರ ತೀರ ಕೆಡುವುದಿಲ್ಲ. ಮೋಸ ಎಲ್ಲೂ ಇಲ್ಲ. ಸೂಪರ್‌ಮಾರ್ಕೆಟ್ಟಿನ ಹೆಂಗಸು ಬೆಂಡೆಕಾಯಿಯ ಬಗ್ಗೆ ತೋರಿದ ಆಸಕ್ತಿ ಆ ಎರಡು ನಿಮಿಷಕ್ಕೆ ಪೂರ್ತಿ ನಿಜ. ಮುಂದಿನ ಹಂಗು ಇಲ್ಲವೆಂಬ ಭರವಸೆಯಿಂದಲೇ ಅವಳು ಅಷ್ಟು ಉದಾರಿಯಾದದ್ದು.

ಹೋಟೆಲು ಅಂಗಡಿಗಳ ನಗುವನ್ನು ಮಾತ್ರ ಈ ಲೆಕ್ಕದಿಂದ ಸ್ವಲ್ಪ ಬದಿಗಿಡಬೇಕು. ಅಮೆರಿಕದ ಕೇಂದ್ರ ಕಾನೂನಿನಂತೆ ಟಿಪ್ಸ್ ಪಡೆಯುವ ನೌಕರರಿಗೆ ಮಾಲೀಕ ತನ್ನ ಕೈಯಿಂದ ಕೊಡಬೇಕಾದ ಕನಿಷ್ಠ ವೇತನ ಗಂಟೆಗೆ 2.13 ಡಾಲರ್, 1991ರಿಂದ ಅದು ಏರಿಲ್ಲ. ಟಿಪ್ಸ್ ಸೇರಿಯೂ 7.25 ಡಾಲರಿನ ಸಾಮಾನ್ಯ ಕನಿಷ್ಠ ವೇತನ ಮುಟ್ಟದಿದ್ದರೆ ಉಳಿದದ್ದನ್ನು ಮಾಲೀಕ ತುಂಬಿಕೊಡಬೇಕು. ಹಲವು ರಾಜ್ಯಗಳು ಇದಕ್ಕಿಂತ ಹೆಚ್ಚು ನಿಗದಿಮಾಡಿವೆಯಾದರೂ, ಬಡಿಸುವವಳು ಹೆಸರು ಹೇಳಿ ಪರಿಚಯ ಮಾಡಿಕೊಂಡು ಐದು ನಿಮಿಷಕ್ಕೊಮ್ಮೆ ಎಲ್ಲ ಸರಿಯಿದೆಯೇ ಎಂದು ಕೇಳುವುದರ ಹಿಂದೆ ಮನೆ ಬಾಡಿಗೆಯ ಚಿಂತೆಯೂ ಇರುತ್ತದೆ. ಬ್ರಿಟನ್ನಿನಲ್ಲಿ 2009ರ ಅಕ್ಟೋಬರಿನಿಂದ ಟಿಪ್ಸ್ ಹಣವನ್ನು ಕನಿಷ್ಠ ವೇತನದ ಲೆಕ್ಕಕ್ಕೆ ಸೇರಿಸುವಂತಿಲ್ಲ. ಅಲ್ಲಿ ಬಡಿಸುವವರು ತಟ್ಟೆ ಇಟ್ಟು ಮರೆಯಾಗುವುದನ್ನೇ ಗಿರಾಕಿಯೂ ಬಯಸುತ್ತಾನೆ. ಆದರೆ ಲಿಫ್ಟಿನಲ್ಲಿ ಜೊತೆಗೆ ಏರಿದವನಿಗೆ, ಹಳ್ಳಿಯ ರಸ್ತೆಯಲ್ಲಿ ಎದುರು ಬಂದು ಸ್ಟಿಯರಿಂಗಿನಿಂದ ಒಂದು ಬೆರಳೆತ್ತಿ ವಂದಿಸುವ ಟ್ರಕ್ಕಿನವನಿಗೆ ಯಾರೂ ಟಿಪ್ಸ್ ಕೊಡುವುದಿಲ್ಲ. ಹಣ ಈ ಅಭ್ಯಾಸವನ್ನು ಹೆಚ್ಚಿಸಿರಬಹುದು, ಹುಟ್ಟಿಸಿಲ್ಲ.

ಡಿಕನ್ಸ್ ಕಂಡ ಬೇರೆ ಬಂಡಿಯ ವಿಚಾರಕ್ಕೆ ಬರೋಣ. ಅಪರಿಚಿತರೊಡನೆ ಸಲಿಗೆ ಎಂದಾಗ ಯಾವ ಅಪರಿಚಿತರು ಎಂದು ಕೇಳಲೇಬೇಕು. 1936ರಿಂದ ಸುಮಾರು ಮೂವತ್ತು ವರ್ಷ ಅಮೆರಿಕದಲ್ಲಿ ‘ಗ್ರೀನ್ ಬುಕ್’ ಎಂಬ ಮಾರ್ಗದರ್ಶಿ ಪ್ರಕಟವಾಗುತ್ತಿತ್ತು. ಕರಿಯ ಪ್ರಯಾಣಿಕರಿಗೆ ಯಾವ ಊರಿನ ಯಾವ ಹೋಟೆಲಿನಲ್ಲಿ ಜಾಗ ಸಿಗುತ್ತದೆ, ಎಲ್ಲಿ ಊಟ ಹಾಕುತ್ತಾರೆ, ಎಲ್ಲಿ ಪೆಟ್ರೋಲು ಕೊಡುತ್ತಾರೆ ಎಂಬುದರ ಪಟ್ಟಿ ಅದು. ದಾರಿಹೋಕರನ್ನು ಕರೆದು ಮಾತಾಡಿಸುವುದಕ್ಕೆ ಹೆಸರಾದ ದಕ್ಷಿಣದ ರಾಜ್ಯಗಳಲ್ಲೇ ಆ ಪಟ್ಟಿ ಅತ್ಯಂತ ಅಗತ್ಯವಾಗಿತ್ತು. ಬ್ರಿಟನ್ನಿಗೆ 1950ರ ದಶಕದಲ್ಲಿ ವೆಸ್ಟ್ ಇಂಡೀಸಿನಿಂದಲೂ ಭಾರತ ಉಪಖಂಡದಿಂದಲೂ ಬಂದವರು ಬಾಡಿಗೆ ಮನೆ ಕೇಳಿ ಅನುಭವಿಸಿದ ತಿರಸ್ಕಾರವನ್ನು ದೂರ ನಿಲ್ಲುವ ಸೌಜನ್ಯದ ಖಾತೆಗೆ ಹಾಕಲಾಗದು. ಹೋಟೆಲು, ಪಬ್ಬುಗಳಂಥ ಸಾರ್ವಜನಿಕ ಸ್ಥಳಗಳಲ್ಲಿ ವರ್ಣಭೇದವನ್ನು ನಿಷೇಧಿಸುವ ಮೊದಲ ಕಾನೂನು ಅಲ್ಲಿ ಬಂದದ್ದೇ 1965ರಲ್ಲಿ. ಒಂದು ಸಮಾಜ ಹತ್ತಿರ ಬರುವುದನ್ನೋ ದೂರ ನಿಲ್ಲುವುದನ್ನೋ ಮರ್ಯಾದೆಯೆಂದು ಆರಿಸಿಕೊಂಡ ಮಾತ್ರಕ್ಕೆ ಆ ಮರ್ಯಾದೆ ಎಲ್ಲರಿಗೂ ಸಲ್ಲುತ್ತದೆಂದು ಅರ್ಥವಲ್ಲ.

ಇನ್ನು ದೇಶಗಳ ಒಳಗಿನ ಭೇದ. ಟೋಕ್‌ವಿಲ್, ಜಾನ್ಸನ್, ಹಾಲ್ ಎಲ್ಲರೂ ಮಾತಾಡಿದ್ದು ಇಂಗ್ಲಿಷರ ಬಗ್ಗೆ, ಅದರಲ್ಲೂ ಹೆಚ್ಚಾಗಿ ದಕ್ಷಿಣದ ಅನುಕೂಲಸ್ಥರ ಬಗ್ಗೆ. ಯಾರ್ಕ್‌ಶೈರಿನ ಅಂಗಡಿಯಾಕೆ ಮೊದಲ ಸಲ ಕಂಡ ಗಿರಾಕಿಯನ್ನು ‘ಲವ್’ ಎನ್ನುತ್ತಾಳೆ, ನಾಟಿಂಗ್‌ಹ್ಯಾಮಿನಲ್ಲಿ ‘ಡಕ್’, ನ್ಯೂಕ್ಯಾಸಲ್ಲಿನಲ್ಲಿ ‘ಪೆಟ್’. ಗ್ಲಾಸ್ಗೋದ ಬಸ್ ನಿಲ್ದಾಣದಲ್ಲಿ ಮಾತಿಗೆ ನೆಪವೇ ಬೇಕಾಗದು. ಅತ್ತ ನ್ಯೂಯಾರ್ಕಿನ ಸಬ್‌ವೇಯಲ್ಲಿ ಕಣ್ಣಿಗೆ ಕಣ್ಣು ಕೂಡಿಸದಿರುವುದೇ ನಿಯಮ. ರಸ್ತೆಯಲ್ಲಿ ಎದುರಾದವರನ್ನು ಕ್ಷಣ ಮಾತ್ರ ನೋಡಿ, ಗಮನಿಸಿದೆನೆಂದು ಸೂಚಿಸಿ, ಕೂಡಲೇ ದೃಷ್ಟಿ ಹೊರಳಿಸುವ ಆ ನಾಜೂಕಾದ ಅಲಕ್ಷ್ಯವನ್ನು ಸಮಾಜವಿಜ್ಞಾನಿ ಅರ್ವಿಂಗ್ ಗಾಫ್‌ಮನ್ 1963ರಲ್ಲಿ ವರ್ಣಿಸಿದ್ದು ಅಮೆರಿಕದಲ್ಲಿದ್ದುಕೊಂಡೇ. ಯಾರ್ಕ್‌ಶೈರಿನವರನ್ನು ಮ್ಯಾನ್‌ಹ್ಯಾಟನ್ನಿನವರ ಪಕ್ಕದಲ್ಲಿ ನಿಲ್ಲಿಸಿದರೆ ರಾಷ್ಟ್ರೀಯ ಸ್ವಭಾವದ ಮಾತೆಲ್ಲ ತಲೆಕೆಳಗಾಗುತ್ತದೆ.

ನೆರವಿನ ವಿಷಯಕ್ಕೆ ಬಂದರೆ ದೇಶಕ್ಕಿಂತ ಊರಿನ ಗಾತ್ರ ಮತ್ತು ವೇಗ ಹೆಚ್ಚು ಪರಿಣಾಮಕಾರಿ ಎಂದು ಕಾಣುತ್ತದೆ. ಮನೋವಿಜ್ಞಾನಿ ರಾಬರ್ಟ್ ಲೆವೀನ್ ಮತ್ತು ಅವರ ಸಂಗಡಿಗರು ರಸ್ತೆಯಲ್ಲಿ ಬೇಕೆಂದೇ ಪೆನ್ನು ಬೀಳಿಸಿ, ಕಾಲಿಗೆ ಪಟ್ಟಿ ಕಟ್ಟಿಕೊಂಡವರ ಕೈಯಿಂದ ಪತ್ರಿಕೆಗಳನ್ನು ಜಾರಿಸಿ, ಅಂಧರಂತೆ ನಟಿಸಿ ರಸ್ತೆ ದಾಟಲು ನಿಂತು ಜನ ಏನು ಮಾಡುತ್ತಾರೆಂದು ಎಣಿಸಿದರು. 1994ರಲ್ಲಿ ಪ್ರಕಟವಾದ 36 ಅಮೆರಿಕನ್ ನಗರಗಳ ಹೋಲಿಕೆಯಲ್ಲಿ ಮೊದಲು ಬಂದದ್ದು ರಾಚೆಸ್ಟರ್, ಕೊನೆಗೆ ಬಂದದ್ದು ನ್ಯೂಯಾರ್ಕ್. ಎರಡೂ ಒಂದೇ ರಾಜ್ಯದವು. ಬೇರೊಂದು ಬಗೆಯ ಅಳತೆಯೂ ಇದೆ. ಬ್ರಿಟನ್ನಿನ ಚಾರಿಟೀಸ್ ಏಡ್ ಫೌಂಡೇಶನ್, ಅಪರಿಚಿತರಿಗೆ ನೆರವಾದಿರಾ, ದಾನ ಕೊಟ್ಟಿರಾ, ಸ್ವಯಂಸೇವೆ ಮಾಡಿದಿರಾ ಎಂದು ನಾನಾ ದೇಶಗಳಲ್ಲಿ ಕೇಳಿಸಿ ಪಡೆದ ಉತ್ತರಗಳನ್ನು ಹತ್ತು ವರ್ಷಕ್ಕೆ ಒಟ್ಟುಗೂಡಿಸಿ 2019ರಲ್ಲಿ ಪ್ರಕಟಿಸಿದಾಗ ಅಮೆರಿಕ ಮೊದಲನೆಯದಾಗಿತ್ತು, ಬ್ರಿಟನ್ ಏಳನೆಯದು. ನೂರಕ್ಕೂ ಹೆಚ್ಚು ದೇಶಗಳ ಸಾಲಿನಲ್ಲಿ ಅದು ದೊಡ್ಡ ಅಂತರವೇನಲ್ಲ.

ಮಾತಿನ ಬಗ್ಗೆಯೇ ನಡೆದ ಪ್ರಯೋಗವೊಂದು ಎಲ್ಲಕ್ಕಿಂತ ಕುತೂಹಲಕರ. ಮನೋವಿಜ್ಞಾನಿಗಳಾದ ನಿಕೊಲಸ್ ಎಪ್ಲಿ ಮತ್ತು ಜೂಲಿಯಾನ ಶ್ರೋಡರ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶಿಕಾಗೋದ ರೈಲು ಪ್ರಯಾಣಿಕರನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ಪಕ್ಕದವರನ್ನು ಮಾತಾಡಿಸಲು, ಇನ್ನೊಂದಕ್ಕೆ ಮೌನವಾಗಿರಲು, ಮೂರನೆಯದಕ್ಕೆ ಎಂದಿನಂತೆ ಇರಲು ಹೇಳಿದರು. ಹೀಗೆ ಮಾಡಿದರೆ ಹೇಗನಿಸೀತೆಂದು ಬೇರೆ ಪ್ರಯಾಣಿಕರನ್ನು ಕೇಳಿದಾಗ ಮೌನದ ಪ್ರಯಾಣವೇ ಹಿತವೆಂದು ಅವರು ಊಹಿಸಿದರು. ನಿಜವಾಗಿ ಪ್ರಯಾಣ ಮಾಡಿದವರಲ್ಲಿ ಹೆಚ್ಚು ಸಂತೋಷಪಟ್ಟವರು ಮಾತಾಡಿದವರೇ. ತಾವು ಮಾತಾಡಿಸಿದರೆ ಉತ್ತರಿಸಲು ಸಿದ್ಧರಿರುವವರು ಅರ್ಧಕ್ಕಿಂತ ಕಡಿಮೆಯೆಂದೂ ಜನ ಊಹಿಸಿದ್ದರು. ಇದು ಬಾಯಿಬಡುಕ ಅಮೆರಿಕನ್ನರಿಗಷ್ಟೇ ಅನ್ವಯಿಸುತ್ತದೆಂಬ ಆಕ್ಷೇಪಕ್ಕೆ ಉತ್ತರವಾಗಿ ಇದೇ ಪ್ರಯೋಗವನ್ನು ಕೆಲವು ವರ್ಷಗಳ ಬಳಿಕ ಲಂಡನ್ನಿಗೆ ಹೋಗಿಬರುವ ರೈಲುಗಳಲ್ಲೂ ನಡೆಸಲಾಯಿತು. ಅಲ್ಲೂ ಮಾತಾಡಿದವರ ಪ್ರಯಾಣ ಹೆಚ್ಚು ಹಿತವಾಗಿತ್ತು. ಅಂದರೆ ಮಾತಿನ ಸುಖ ಎರಡು ಕಡೆಯೂ ಒಂದೇ. ಶಿಕಾಗೋದವರೂ ಮಾತು ತೆಗೆಯಲು ಅಳುಕಿದ್ದರೆಂಬುದನ್ನು ಗಮನಿಸಿದರೆ ಅಮೆರಿಕನ್ನರ ಧೈರ್ಯದ ಬಗ್ಗೆ ಇರುವ ಕಲ್ಪನೆಯನ್ನೂ ಸ್ವಲ್ಪ ತಗ್ಗಿಸಬೇಕಾಗುತ್ತದೆ.

ಟೋಕ್‌ವಿಲ್ಲನ ಕಾರಣಕ್ಕೆ ಇತ್ತೀಚಿನವರು ಇನ್ನೊಂದನ್ನು ಸೇರಿಸಿದ್ದಾರೆ: ಊರು ಬಿಟ್ಟು ಊರಿಗೆ ಹೋಗುವ ಅಭ್ಯಾಸ. ಪದೇ ಪದೇ ಹೊಸ ನೆರೆಹೊರೆಯಲ್ಲಿ ನೆಲೆ ಊರಬೇಕಾದವರು ಬೇಗ ಪರಿಚಯ ಮಾಡಿಕೊಳ್ಳುವುದನ್ನು ಕಲಿಯುತ್ತಾರೆ, ಬೇಗ ಬಿಟ್ಟುಕೊಡುವುದನ್ನೂ ಕಲಿಯುತ್ತಾರೆ. ಲೆವಿನ್ ಕಂಡ ತೆರೆದ ಹೊರಪದರಕ್ಕೂ ಮುಚ್ಚಿದ ತಿರುಳಿಗೂ ಇದು ಚೆನ್ನಾಗಿ ಹೊಂದುತ್ತದೆ. ಆದರೆ ಈ ವಿವರಣೆಗೆ ಒಂದು ತೊಡಕಿದೆ. 1950ರ ಹೊತ್ತಿಗೆ ಅಮೆರಿಕನ್ನರಲ್ಲಿ ಸರಿಸುಮಾರು ಐದರಲ್ಲಿ ಒಬ್ಬರು ಪ್ರತಿವರ್ಷ ಮನೆ ಬದಲಿಸುತ್ತಿದ್ದರು. ಈಗ ಆ ಪ್ರಮಾಣ ನೂರಕ್ಕೆ ಹತ್ತಕ್ಕಿಂತಲೂ ಕಡಿಮೆ. ಇಂಗ್ಲೆಂಡಿನಲ್ಲಿ ವರ್ಗಗಳ ಗಡಿ ಡಿಕನ್ಸನ ಕಾಲದಲ್ಲಿದ್ದಂತೆ ಉಳಿದಿಲ್ಲ, ಅಪರಿಚಿತನ ಕೃತಜ್ಞತೆಗೆ ಇಂದು ಯಾರೂ ಅಂಜಬೇಕಾಗಿಲ್ಲ. ಕಾರಣಗಳು ಕರಗಿದರೂ ಅಭ್ಯಾಸಗಳು ನಿಂತಿರುವುದಕ್ಕೆ, ಅವುಗಳನ್ನು ಕಲಿಸುವವರು ಕಾರಣ ಹೇಳದೆಯೇ ಕಲಿಸುತ್ತಾರೆಂಬುದು ಒಂದು ಉತ್ತರವಾಗಬಹುದು. ಅಮೆರಿಕದ ತಾಯಿ ಲಿಫ್ಟಿನಲ್ಲಿ ಕಂಡವರಿಗೆ ಹಾಯ್ ಹೇಳೆಂದು ಮಗುವಿಗೆ ಹೇಳಿಕೊಡುತ್ತಾಳೆ, ಇಂಗ್ಲಿಷ್ ತಾಯಿ ಅವರಿಗೆ ತೊಂದರೆ ಕೊಡಬೇಡವೆಂದು ಮಗುವನ್ನು ತನ್ನತ್ತ ಸೆಳೆದುಕೊಳ್ಳುತ್ತಾಳೆ, ಮತ್ತು ಇಬ್ಬರೂ ಕಲಿಸುತ್ತಿರುವುದು ಒಳ್ಳೆಯ ನಡವಳಿಕೆಯನ್ನೇ.